ಮರೀನಾ ಬ್ಯಾರೇಜ್‌ಗೆ ಮನೆಯವ್ರನ್ನ ಕರ್ಕೊಂಡು ಹೋಗೋದು ಹೇಗೆ, ಅಲ್ಲಿ ಏನೇನು ನೋಡ್ಬೇಕು

ಊರಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಸಿಂಗಪುರಕ್ಕೆ ಬಂದಾಗ ಇಲ್ಲಿರೋ ಕನ್ನಡದವ್ರು ಕರ್ಕೊಂಡು ಹೋಗೋ ಜಾಗಗಳು ಹೆಚ್ಚುಕಮ್ಮಿ ಒಂದೇ, ಮರ್‌ಲಯನ್, ಗಾರ್ಡನ್ಸ್ ಬೈ ದ ಬೇ, ಸೆಂಟೋಸಾ, ಮುಸ್ತಾಫಾ. ನದಿ ಸಮುದ್ರ ಸೇರೋ ಬಾಯಿಗೆ ಅಡ್ಡ ಹಾಕಿರೋ ಕಟ್ಟೆ, ಮರೀನಾ ಬ್ಯಾರೇಜ್‌ಗೂ ತುಂಬಾ ಜನ ಹೋಗ್ತಾರೆ, ಆದ್ರೆ ಮೇಲೆ ಹುಲ್ಲು ಹಾಸಿನ ಮೇಲೆ ನಿಂತು ಹಿಂದೆ ಮರೀನಾ ಬೇ ಸ್ಯಾಂಡ್ಸ್ ಕಾಣೋ ಹಾಗೆ ನಾಲ್ಕು ಫೋಟೋ ತಗೊಂಡು ಮನೆಗೆ ಬಂದ್ಬಿಡ್ತಾರೆ. ಕಾಲ ಕೆಳಗೆ ಇರೋದೇನು, ಆ ಗೇಟುಗಳು ಯಾಕಿವೆ, ಅಷ್ಟು ದೊಡ್ಡ ನೀರು ಸಮುದ್ರಾನಾ ಕೆರೇನಾ, ಇದನ್ನ ಯಾರೂ ಹೇಳಲ್ಲ. ನನಗೆ ಇಡೀ ಸಿಂಗಪುರದಲ್ಲಿ ತುಂಬಾ ಇಷ್ಟವಾದ ಜಾಗ ಇದು, ಅದ್ರಲ್ಲೂ ಹೊಲ ಕೆರೆ ನೋಡ್ಕೊಂಡು ಬೆಳೆದಿರೋ ನಮ್ಮ ಹಿರಿಯರಿಗೆ ಈ ಜಾಗ ಬೇಗ ಅರ್ಥ ಆಗುತ್ತೆ, ಸರಿಯಾಗಿ ತೋರಿಸ್ಬೇಕು ಅಷ್ಟೆ. ಅದಕ್ಕೇ ಇದನ್ನ ಬರೀತಾ ಇದೀನಿ.

ಹೋಗೋ ಮುಂಚೆ ಮನೇಲೇ ಕೂತು ಒಂದು ಹತ್ತು ನಿಮಿಷ ಹೇಳಿ

ಇದನ್ನ ಬಿಡ್ಬೇಡಿ. ಅಲ್ಲಿ ಹೋದ್ಮೇಲೆ ಗಾಳಿ, ಗಾಳಿಪಟ, ಮಕ್ಕಳ ಗಲಾಟೆ, ಹೇಳಕ್ಕೆ ಆಗಲ್ಲ. ಹೇಳ್ಬೇಕಾಗಿರೋದು ಇಷ್ಟು: ಸಿಂಗಪುರದ ಹಳೇ ಪೇಟೆ ಭಾಗ ಇದ್ಯಲ್ಲ, ಚೈನಾಟೌನ್, ಬೋಟ್ ಕೀ, ಜಲಾನ್ ಬೆಸಾರ್, ಗೇಲಾಂಗ್, ಇವೆಲ್ಲಾ ತೀರಾ ತಗ್ಗು ಜಾಗಗಳು. ಸಮುದ್ರದಲ್ಲಿ ಉಬ್ಬರ ಇರೋ ಹೊತ್ತಲ್ಲೇ ಜೋರು ಮಳೆ ಬಂದ್ರೆ ಚರಂಡಿ ನೀರು ಸಮುದ್ರಕ್ಕೆ ಇಳಿಯಕ್ಕೆ ಆಗ್ತಿರ್ಲಿಲ್ಲ, ಯಾಕಂದ್ರೆ ಸಮುದ್ರಾನೇ ಮೇಲಿದೆ, ನೀರು ಹಿಂದಕ್ಕೇ ಬಂದು ರಸ್ತೆ ಮೇಲೆ ನಿಲ್ತಿತ್ತು. 1978ರ ಡಿಸೆಂಬರ್ 2ರಂದು ಇಲ್ಲಿ ಒಂದೇ ದಿನಕ್ಕೆ 500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿದು ಏಳು ಜನ ತೀರ್ಕೊಂಡ್ರು. ಬೆಂಗಳೂರಿಗೆ ಅರ್ಧ ವರ್ಷಕ್ಕೆ ಬರೋವಷ್ಟು ಮಳೆ ಅದು, ಒಂದು ದಿನದಲ್ಲಿ.

ಅದೇ ಹೊತ್ತಲ್ಲಿ ಇನ್ನೊಂದು ಕೆಲಸ ನಡೀತಿತ್ತು. ಸಿಂಗಪುರ ನದಿ ಆಗ ಕೊಳೆತು ನಾರ್ತಿದ್ದ ನೀರು, 1977ರಿಂದ 1987ರವರೆಗೆ ಪೂರ್ತಿ ಹತ್ತು ವರ್ಷ ತಗೊಂಡು ಅದನ್ನ ತೊಳೆದ್ರು. ಅದು ಮುಗಿಯೋ ಹೊತ್ತಿಗೆ, 1987ರಲ್ಲಿ, ಆಗಿನ ಪ್ರಧಾನಿ ಲೀ ಕ್ವಾನ್ ಯೂ ಅವರು ನದಿಗಳು ಸಮುದ್ರ ಸೇರೋ ಬಾಯಿಗೇ ಅಡ್ಡ ಕಟ್ಟೆ ಹಾಕಿ ಸಿಹಿನೀರಿನ ಜಲಾಶಯ ಮಾಡೋಣ ಅನ್ನೋ ಯೋಚನೆ ಮುಂದಿಟ್ರು. ಆಗಿನ ತಂತ್ರಜ್ಞಾನಕ್ಕೆ ಪೇಟೆ ನೀರನ್ನ ಕುಡಿಯೋ ಹಾಗೆ ಶುದ್ಧ ಮಾಡೋದು ಕಷ್ಟದ ಮಾತು, ಹಾಗಾಗಿ ಅದು ಕಾಯ್ಬೇಕಾಯ್ತು. ಆ ಕಟ್ಟೆನೇ ಈ ಮರೀನಾ ಬ್ಯಾರೇಜ್, 2005ರಲ್ಲಿ ಕಟ್ಟೋಕೆ ಶುರು, 2008ರ ಕೊನೇಲಿ ಉದ್ಘಾಟನೆ. ಹೊರಗಿಂದ ಉಪ್ಪು ನೀರು ಬರೋದು ನಿಂತ ಮೇಲೆ ಒಳಗಿದ್ದ ಉಪ್ಪು ಮಳೆ ನೀರಲ್ಲಿ ತೊಳ್ಕೊಂಡು ತೊಳ್ಕೊಂಡು ಹೋಗಿ 2010ರ ಹೊತ್ತಿಗೆ ಇಡೀ ಜಲಾಶಯ ಸಿಹಿನೀರಾಯ್ತು. ಈಗ ದೇಶದ 17 ಜಲಾಶಯಗಳಲ್ಲಿ ಇದೂ ಒಂದು, ಪಟ್ಟಣದ ಮಧ್ಯದಲ್ಲಿ ಆಗಿದ್ದು ಇದೇ ಮೊದಲು. ಇದಕ್ಕೆ ನೀರು ಬರೋ ಜಾಗ 10,000 ಹೆಕ್ಟೇರ್, ದೇಶದ ಆರರಲ್ಲಿ ಒಂದು ಭಾಗ.

ನಿಮ್ಮ ಮನೆಯವ್ರು ಕರಾವಳಿ ಕಡೆಯವ್ರಾದ್ರೆ ಇಷ್ಟೂ ಹೇಳೋದು ಬೇಡ, "ದೊಡ್ಡ ಕಿಂಡಿ ಅಣೆಕಟ್ಟು" ಅಂದ್ರೆ ಸಾಕು. ಉಡುಪಿ, ಕುಂದಾಪುರ, ಉತ್ತರ ಕನ್ನಡದ ಕಡೆ ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಹಾಕಿ ಹೊಳೆಯ ಸಿಹಿನೀರು ನಿಲ್ಸಿ, ಉಪ್ಪು ನೀರು ಗದ್ದೆ ಬಾವಿ ಕಡೆ ಏರ್ದೇ ಇರೋ ಹಾಗೆ ಮಾಡ್ತಾರಲ್ಲ, ತತ್ವ ಅದೇ. ಇಲ್ಲಿ ಹಲಗೆ ಬದ್ಲು ಉಕ್ಕಿನ ಗೇಟು, ಮಳೆಗಾಲ ಬೇಸಿಗೆ ಅಂತ ಇಲ್ಲ, ವರ್ಷ ಪೂರ್ತಿ ದಿನಾ ಕೆಲಸ.

ಯಾವಾಗ ಹೋಗ್ಬೇಕು

ಸಂಜೆ ನಾಲ್ಕೂವರೆ ಐದರ ಮೇಲೆ. ಮಧ್ಯಾಹ್ನ ಹೋಗ್ಬೇಡಿ, ಮೇಲೆ ನೆರಳು ಅನ್ನೋದೇ ಇಲ್ಲ, ವಯಸ್ಸಾದವ್ರಿಗೆ ತಲೆ ಸುತ್ತು ಬರುತ್ತೆ. ಊರಲ್ಲಿ ಬೇಸಿಗೆ ರಜೆ ಅಂತ ಏಪ್ರಿಲ್ ಮೇ ತಿಂಗಳಲ್ಲಿ ಬರೋವ್ರೇ ಜಾಸ್ತಿ, ಆ ಎರಡು ತಿಂಗಳು ಇಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಮಾಮೂಲು. ನವೆಂಬರ್‌ನಿಂದ ಜನವರಿವರೆಗೆ ಈಶಾನ್ಯ ಮಾರುತದ ಮಳೆ, ಆವಾಗ ಬಂದ್ರೆ ಗಾಳಿಪಟ ಸಿಗ್ದೇ ಇರ್ಬೋದು ಆದ್ರೆ ಬ್ಯಾರೇಜ್ ಕೆಲಸ ಮಾಡೋದು ನೋಡೋ ಅವಕಾಶ ಜಾಸ್ತಿ.

ಹೊರಡೋ ಮುಂಚೆ ಎರಡು ನೋಡ್ಕೊಳ್ಳಿ. ಒಂದು ಮೈಎನ್ವ್ ಅನ್ನೋ ಇಲ್ಲಿನ ಸರ್ಕಾರಿ ಹವಾಮಾನದ ಆ್ಯಪಲ್ಲಿ ಮಳೆ ರೇಡಾರ್ ಮತ್ತೆ ಸಿಡಿಲಿನ ಎಚ್ಚರಿಕೆ. ಇದು ಕಡ್ಡಾಯ ಅಂತಾನೇ ಇಟ್ಕೊಳ್ಳಿ, ಜಗತ್ತಲ್ಲೇ ಸಿಡಿಲು ಜಾಸ್ತಿ ಹೊಡೆಯೋ ಊರುಗಳಲ್ಲಿ ಸಿಂಗಪುರ ಒಂದು, ಬ್ಯಾರೇಜ್ ಮೇಲಿನ ಹುಲ್ಲು ಹಾಸು ಅಂದ್ರೆ ಸುತ್ತ ಬಯಲು ಸುತ್ತ ನೀರು, ಅದ್ರ ಮಧ್ಯೆ ನೀವೇ ಎತ್ತರ. ಗುಡುಗಿನ ಸದ್ದು ಕೇಳಿದ್ರೆ ಗಾಳಿಪಟ ಸುತ್ಕೊಂಡು ಕೆಳಗೆ ಕಟ್ಟಡದ ಒಳಗೆ ಬಂದ್ಬಿಡಿ, ಇನ್ನೊಂದು ಐದು ನಿಮಿಷ ಆಡ್ತೀನಿ ಅಂದ್ರೆ ಮಕ್ಕಳ ಮಾತು ಕೇಳ್ಬೇಡಿ, ಕೊಡೆ ಹಿಡ್ಕೊಂಡು ಬಯಲಲ್ಲಿ ನಿಲ್ಲಲೂಬೇಡಿ.

ಇನ್ನೊಂದು ಉಬ್ಬರ ಇಳಿತದ ಟೈಮು. ಇದನ್ನ ನೋಡ್ಕೊಂಡು ಹೋಗೋವ್ರು ತುಂಬಾ ಕಮ್ಮಿ, ಆದ್ರೆ ಇದೊಂದು ಗೊತ್ತಿದ್ರೆ ಇಡೀ ಭೇಟಿಯೇ ಬೇರೆ ಥರ ಆಗುತ್ತೆ. ಯಾವ ಟೈಡ್ ಆ್ಯಪ್ ಆದ್ರೂ ನಡೆಯುತ್ತೆ. ಆ್ಯಪ್ ಇಲ್ದಿದ್ರೂ ಮನೇಲಿ ಊರಿಂದ ತಂದ ಕ್ಯಾಲೆಂಡರ್ ಇದ್ರೆ ಅಮಾವಾಸ್ಯೆ ಹುಣ್ಣಿಮೆ ಯಾವತ್ತು ಅಂತ ನೋಡಿ, ಅದ್ರ ಅಕ್ಕಪಕ್ಕದ ದಿನಗಳಲ್ಲಿ ಉಬ್ಬರ ತುಂಬಾ ಎತ್ತರ ಇಳಿತ ತುಂಬಾ ಕೆಳಗೆ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಅಷ್ಟಮಿ ಅಕ್ಕಪಕ್ಕ ಹೋದ್ರೆ ಅಷ್ಟು ಗೊತ್ತಾಗಲ್ಲ.

ಹೋಗೋದು ಹೇಗೆ

ಎಂಆರ್‌ಟಿಯಲ್ಲಿ, ಅಂದ್ರೆ ಇಲ್ಲಿನ ಮೆಟ್ರೋದಲ್ಲಿ, ಥಾಮ್ಸನ್ ಈಸ್ಟ್ ಕೋಸ್ಟ್ ಲೈನ್, ಅಂದ್ರೆ ಕಂದು ಬಣ್ಣದ ಲೈನ್, ಗಾರ್ಡನ್ಸ್ ಬೈ ದ ಬೇ ಸ್ಟೇಷನ್‌ನಲ್ಲಿ ಇಳೀರಿ. 2022ರಲ್ಲಿ ಆ ಸ್ಟೇಷನ್ ಓಪನ್ ಆದ್ಮೇಲೆ ತುಂಬಾ ಸುಲಭ ಆಗಿದೆ. ಅಲ್ಲಿಂದ ಆರಾಮಾಗಿ ನಡೆಯೋ ದೂರ. ಮಂಡಿ ನೋವು ಇರೋ ಹಿರಿಯರಿದ್ರೆ ಮನೆಯಿಂದ್ಲೇ ಗ್ರಾಬ್ ಟ್ಯಾಕ್ಸಿ ಬುಕ್ ಮಾಡಿ, ಆ ನಡಿಗೆ ಶಕ್ತಿ ಮೇಲೆ ನಡೆಯಕ್ಕೆ ಉಳಿಸ್ಕೊಳ್ಳಿ. ಮೇಲಕ್ಕೆ ಹೋಗೋಕೆ ಮೆಟ್ಟಿಲು ಹತ್ತಲೇಬೇಕು ಅಂತಿಲ್ಲ, ಸುತ್ತಿಕೊಂಡು ಮೇಲೇರೋ ಅಗಲವಾದ ಇಳಿಜಾರು ದಾರಿ ಇದೆ, ವೀಲ್‌ಚೇರ್ ಸ್ಟ್ರೋಲರ್ ಎರಡೂ ಹೋಗುತ್ತೆ. ಟಿಕೆಟ್ ಏನಿಲ್ಲ, ಫ್ರೀ.

ತಿಂಡಿ ಕಟ್ಕೊಂಡು ಹೋಗಿ, ಪುಳಿಯೋಗರೆ, ಚಪಾತಿ ಪಲ್ಯ, ಏನಾದ್ರೂ, ಹುಲ್ಲಿನ ಮೇಲೆ ಚಾಪೆ ಹಾಸಿ ಕೂತು ತಿನ್ನೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ, ಆದ್ರೆ ಟ್ರೈನ್ ಒಳಗೆ ಡಬ್ಬಿ ಬಿಚ್ಚಬೇಡಿ, ನೀರು ಕುಡಿದ್ರೂ ದಂಡ ಹಾಕ್ಬೋದು, ಊರಿಂದ ಬಂದವ್ರಿಗೆ ಮೊದಲೇ ಹೇಳಿರಿ. ಮತ್ತೆ ಕಸದ ಕವರ್ ಒಂದು ಜೊತೇಲಿ ಇರಲಿ. ಅಲ್ಲಿ ಗಾಳಿ ಜೋರು, ಪೇಪರ್ ಪ್ಲೇಟು ಟಿಶ್ಯೂ ಎಲ್ಲಾ ಹಾರಿ ನೇರ ನೀರಿಗೇ ಬೀಳೋದು, ಅದು ಕುಡಿಯೋ ನೀರು.

ಸೇರಿದ ಮೇಲೆ ಮೊದಲು ಸೇತುವೆಗೆ

ಎಲ್ರೂ ಸೀದಾ ಮೇಲಕ್ಕೆ ಹತ್ತುತ್ತಾರೆ. ನೀವು ಮೊದಲು ಕೆಳಗಿನ ಸೇತುವೆಗೆ ಹೋಗಿ. 350 ಮೀಟರ್ ಉದ್ದ, ಮರೀನಾ ಸೌತ್ ಕಡೆಯಿಂದ ಮರೀನಾ ಈಸ್ಟ್ ಕಡೆಗೆ ನಡ್ಕೊಂಡು ಹೋಗ್ಬೋದು. ಕಾಲ ಕೆಳಗೆ ಒಂಬತ್ತು ಗೇಟುಗಳಿವೆ. ಮಧ್ಯದಲ್ಲಿ ನಿಂತ್ಕೊಂಡು ಒಂದು ಸಲ ಎಡಗಡೆ ನೋಡಿ ಒಂದು ಸಲ ಬಲಗಡೆ ನೋಡಿ ಅಂತ ಹೇಳಿ, ಒಂದು ಕಡೆ ಊರು, ಇನ್ನೊಂದು ಕಡೆ ಹಡಗುಗಳು ಲಂಗರು ಹಾಕಿರೋ ಸಮುದ್ರ. ಎರಡು ಕಡೆ ನೀರಿನ ಮಟ್ಟ ಒಂದೇ ಇಲ್ಲ ಅನ್ನೋದು ಗಮನಿಸಿ. ಇಳಿತದ ಹೊತ್ತಲ್ಲಿ ಹೋಗಿದ್ರೆ ಸಮುದ್ರ ಎಷ್ಟೋ ಕೆಳಗೆ ಕಾಣುತ್ತೆ, ಗೋಡೆ ಕಲ್ಲುಗಳ ಮೇಲೆ ನೀರು ಇಳಿದ ಗೆರೆ ಇರುತ್ತೆ, ಊರ ಕಡೆ ನೀರು ಮಾತ್ರ ಇದ್ದಲ್ಲೇ ಇದೆ. ಉಬ್ಬರದ ಹೊತ್ತಲ್ಲಿ ಹೋಗಿದ್ರೆ ಸಮುದ್ರ ಮೇಲೆ ಬಂದು ಗೇಟಿಗೆ ಒತ್ತುತಾ ಇರುತ್ತೆ. ಗೇಟು ಇಲ್ದೇ ಇದ್ದಿದ್ರೆ ಆ ನೀರು ಚೈನಾಟೌನ್ ಕಡೆ ಹೋಗ್ತಿತ್ತು. ಹಿರಿಯರಿಗೆ ಇದೊಂದು ತೋರಿಸಿದ್ರೆ ಸಾಕು, ಮಿಕ್ಕಿದ್ದೆಲ್ಲಾ ಅವ್ರೇ ಕೇಳೋಕೆ ಶುರು ಮಾಡ್ತಾರೆ.

ಕೆಲಸ ಮಾಡೋದು ಹೀಗೆ. ಜೋರು ಮಳೆ ಬಂತು, ಸಮುದ್ರ ಇಳಿತದಲ್ಲಿದೆ ಅಂದ್ರೆ ಗೇಟುಗಳನ್ನ ತಗ್ಗಿಸ್ತಾರೆ, ಹೆಚ್ಚಾದ ನೀರು ತಾನಾಗೇ ಸಮುದ್ರಕ್ಕೆ ಹರಿದು ಹೋಗುತ್ತೆ, ಕರೆಂಟು ಖರ್ಚಿಲ್ಲ, ನಮ್ಮ ಕೆರೆಗೆ ಕೋಡಿ ಬಿದ್ದಂಗೆ ಅಂತ ಹೇಳ್ಬೋದು. ಜೋರು ಮಳೆ ಬಂತು, ಆದ್ರೆ ಸಮುದ್ರ ಉಬ್ಬರದಲ್ಲಿದೆ ಅಂದ್ರೆ ಗೇಟು ತೆಗೆಯಂಗಿಲ್ಲ, ತೆಗೆದ್ರೆ ಸಮುದ್ರಾನೇ ಒಳಗೆ ಬರುತ್ತೆ. ಆವಾಗ ಪಂಪುಗಳು. ಏಳು ಪಂಪು, ಒಂದೊಂದು ಪಂಪೂ ಸೆಕೆಂಡಿಗೆ 40 ಘನ ಮೀಟರ್ ನೀರು ಎತ್ತಿ ಆಚೆ ಹಾಕುತ್ತೆ, ಏಳೂ ಸೇರಿ 280. ನಮ್ಮ ಪೇಪರ್ ಲೆಕ್ಕದಲ್ಲಿ ಹೇಳೋದಾದ್ರೆ ಸುಮಾರು 9,900 ಕ್ಯೂಸೆಕ್. ಮಂಡ್ಯ ಮೈಸೂರು ಕಡೆಯವ್ರಿಗೆ ಕೆಆರ್‌ಎಸ್ ಒಳಹರಿವು ಹೊರಹರಿವು ದಿನಾ ಓದಿ ಅಭ್ಯಾಸ ಇರುತ್ತೆ, ಅವ್ರಿಗೆ ಈ ನಂಬರ್ ಹೇಳಿ, ಅಷ್ಟು ನೀರನ್ನ ಪಂಪಲ್ಲೇ ಎತ್ತಿ ಹಾಕ್ತಾರೆ ಅಂದ್ರೆ ಅದು ಎಷ್ಟು ಅಂತ ಅವ್ರಿಗೆ ಬೇರೆ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಪಂಪುಗಳಿರೋದು ಆ ಸುರುಳಿ ಆಕಾರದ ಕಟ್ಟಡದಲ್ಲೇ, ಅದ್ರ ನೆತ್ತಿ ಮೇಲೇ ಹುಲ್ಲು ಹಾಸು, ಮಕ್ಕಳು ಗಾಳಿಪಟ ಆಡ್ಸೋದು ಒಂದು ಪಂಪ್ ಹೌಸ್ ಚಾವಣಿ ಮೇಲೆ.

ಇಲ್ಲಿ ಒಂದು ವಿಷಯ ನನಗೆ ಬಹಳ ಮುಖ್ಯ ಅನ್ಸುತ್ತೆ. ಆಟ, ವಿಹಾರ ಅನ್ನೋದು ಪ್ರವಾಹ ತಡೆಯೋ ಕೆಲಸದ ಮೇಲೆ ಆಮೇಲೆ ಹಚ್ಚಿದ ಬಣ್ಣ ಅಲ್ಲ, ಎರಡೂ ಒಂದೇ ಗೇಟಿಂದ ಬಂದಿರೋದು. ಪ್ರವಾಹಕ್ಕೆ ಅಂತ ಸಮುದ್ರಾನ ಹೊರಗೆ ನಿಲ್ಸಿದ್ರಿಂದ್ಲೇ ಒಳಗಿನ ನೀರು ಒಂದೇ ಮಟ್ಟದಲ್ಲಿ ನಿಲ್ತು, ಒಂದೇ ಮಟ್ಟ ಇರೋದ್ರಿಂದ್ಲೇ ಯಾವ ಹೊತ್ತಲ್ಲಾದ್ರೂ ದೋಣಿ ಹಾಕ್ಬೋದು, ದಡದಲ್ಲಿ ಕೆಸರು ಕಾಣಲ್ಲ, ಹೋಟೆಲು ದಾರಿ ಎಲ್ಲಾ ನೀರಿನ ಅಂಚಿಗೇ ಬಂತು. ಮತ್ತೆ ಜನ ವಾರ ವಾರ ನೀರಿನ ಹತ್ರ ಬಂದು ಕೂರೋದ್ರಿಂದ ಆ ನೀರು ಹೇಗಿದೆ ಅಂತ ನೋಡೋ ಕಣ್ಣುಗಳು ಜಾಸ್ತಿ ಆಗುತ್ತೆ. ಬೇಲಿ ಹಾಕಿ ಬೋರ್ಡ್ ನೇತು ಹಾಕಿದ ನೀರನ್ನ ಯಾರೂ ಕಾಯಲ್ಲ.

ಮೇಲೆ ಮತ್ತೆ ಒಳಗೆ

ಸೇತುವೆ ಆದ್ಮೇಲೆ ಮೇಲೆ ಹತ್ತಿ. ಗಾಳಿಪಟ ಆಡ್ಸೋವ್ರು ಸಾಕಷ್ಟು ಜಾಗ ಬಿಟ್ಟು ನಿಲ್ಲಿ, ವೀಕೆಂಡ್ ಆದ್ರೆ ರಶ್, ದಾರ ದಾರಕ್ಕೆ ಸಿಕ್ಕಾಕ್ಕೊಳ್ಳುತ್ತೆ, ಊರಿನ ಮಾಂಜಾ ದಾರ ಯಾವ ಕಾರಣಕ್ಕೂ ತರ್ಬೇಡಿ, ಓಡಾಡೋ ಮಕ್ಕಳ ಕತ್ತಿಗೆ ಅಪಾಯ. ಕತ್ತಲಾಗೋವರೆಗೂ ಇರಿ, ಊರಿನ ದೀಪ ಎಲ್ಲಾ ನೀರಲ್ಲಿ ಕಾಣುತ್ತೆ, ಅದರ ಬಗ್ಗೆ ಜಾಸ್ತಿ ಹೇಳ್ಬೇಕಾಗಿಲ್ಲ ನೀವೇ ನೋಡ್ತೀರಿ.

ಕೆಳಗೆ ಸಸ್ಟೈನಬಲ್ ಸಿಂಗಪುರ್ ಗ್ಯಾಲರಿ ಅಂತ ಇದೆ, ನೀರು, ಕಸ, ಬಿಸಿಲು, ಸಮುದ್ರ ಮಟ್ಟ ಏರೋದು ಇದ್ರ ಬಗ್ಗೆ ಎಲ್ಲಾ ಮಕ್ಕಳಿಗೆ ತಿಳಿಯೋ ಹಾಗೆ ಇಟ್ಟಿದಾರೆ. ಅದು ಸಂಜೆ ಬೇಗ ಮುಚ್ಚುತ್ತೆ, ವಾರಕ್ಕೊಂದು ದಿನ ರಜಾನೂ ಇರುತ್ತೆ, ಹಾಗಾಗಿ ಅದನ್ನ ನೋಡ್ಲೇಬೇಕು ಅಂದ್ರೆ ಪಿಯುಬಿ ವೆಬ್‌ಸೈಟಲ್ಲಿ ಟೈಮ್ ನೋಡ್ಕೊಂಡು ನಾಲ್ಕು ಗಂಟೆಗೆಲ್ಲಾ ಸೇರ್ಕೊಂಡು ಮೊದಲು ಅದನ್ನ ಮುಗಿಸಿ. ಪಿಯುಬಿ ಅಂದ್ರೆ ಇಲ್ಲಿನ ನೀರಿನ ಇಲಾಖೆ, ಕುಡಿಯೋ ನೀರು, ಒಳಚರಂಡಿ, ಮಳೆ ಚರಂಡಿ ಮೂರೂ ಅವ್ರ ಕೈಯಲ್ಲೇ. ಒಂದೇ ಕೈಯಲ್ಲಿ ಇರೋದ್ರಿಂದ್ಲೇ ಚರಂಡಿ ನೀರನ್ನ ಕುಡಿಯೋ ನೀರಿನ ಮೂಲ ಅಂತ ನೋಡೋಕೆ ಸಾಧ್ಯ ಆಗಿದ್ದು ಅಂತ ನನ್ನ ಅಭಿಪ್ರಾಯ.

ನೀರಿಗಿಳಿಯೋ ಆಸೆ ಇದ್ರೆ ಬ್ಯಾರೇಜ್ ಹತ್ರ ಅಲ್ಲ, ಕಲಾಂಗ್ ಬೇಸಿನ್ ಕಡೆ ಹೋಗಿ, ಸ್ಪೋರ್ಟ್ಸ್ ಹಬ್ ಪಕ್ಕ ಕಯಾಕ್ ಬಾಡಿಗೆಗೆ ಸಿಗುತ್ತೆ, ಡ್ರ್ಯಾಗನ್ ಬೋಟ್ ತಂಡಗಳು ಪ್ರಾಕ್ಟೀಸ್ ಮಾಡೋದೂ ಅಲ್ಲೇ, ಅದೂ ಇದೇ ಜಲಾಶಯದ ನೀರೇ. ಈಜೋ ಹಾಗಿಲ್ಲ. ಸೈಕಲ್ ಇದ್ರೆ ಬ್ಯಾರೇಜ್ ಸೇತುವೆ ದಾಟಿ ಈಸ್ಟ್ ಕೋಸ್ಟ್ ಪಾರ್ಕ್‌ವರೆಗೂ ಒಳ್ಳೇ ದಾರಿ.

ಲಿಟಲ್ ಇಂಡಿಯಾಗೆ ಹೋದಾಗ ಇದನ್ನೂ ತೋರಿಸಿ

ಹೇಗೂ ಮುಸ್ತಾಫಾ, ಸೆರಂಗೂನ್ ರೋಡ್ ಕಡೆ ಹೋಗೇ ಹೋಗ್ತೀರಿ. ಅಲ್ಲೇ ಹತ್ರ ರೋಚೋರ್ ಕೆನಾಲ್ ಹರಿಯುತ್ತೆ. ಲಿಟಲ್ ಇಂಡಿಯಾದಲ್ಲಿ ದೋಸೆ ತಿಂದು ಹೊರಗೆ ಬಂದಾಗ ಮಳೆ ಬಂದ್ರೆ ರಸ್ತೆ ಪಕ್ಕದ ಚರಂಡಿ ನೋಡಿ, ಆ ನೀರು ರೋಚೋರ್ ಕೆನಾಲ್, ಅಲ್ಲಿಂದ ಕಲಾಂಗ್ ಬೇಸಿನ್, ಅಲ್ಲಿಂದ ನೀವು ನೋಡಿದ ಅದೇ ಗೇಟಿನ ಹತ್ರ ಹೋಗುತ್ತೆ. ಸಿಂಗಪುರ ನದಿ, ಕಲಾಂಗ್, ಗೇಲಾಂಗ್, ರೋಚೋರ್, ಸ್ಟ್ಯಾಮ್‌ಫರ್ಡ್ ಕೆನಾಲ್, ಎಲ್ಲಾ ಬಂದು ಸೇರೋದು ಅಲ್ಲಿಗೇ. ಮಕ್ಕಳಿಗೆ ಮ್ಯಾಪಲ್ಲಿ ಬೆರಳಿಟ್ಟು ಆ ದಾರಿ ತೋರಿಸಿದ್ರೆ ಮತ್ತೆ ಚರಂಡಿಗೆ ಚಾಕೊಲೇಟ್ ಕವರ್ ಹಾಕಲ್ಲ.

ಮನೆಯವ್ರು ಕೇಳೋ ಪ್ರಶ್ನೆಗಳು

"ಇಷ್ಟೆಲ್ಲಾ ಮಾಡಿದ ಮೇಲೆ ಇಲ್ಲಿ ನೀರು ನಿಲ್ಲೋದೇ ಇಲ್ವಾ?" ಅಂತ ಕೇಳೇ ಕೇಳ್ತಾರೆ. ನಿಲ್ಲುತ್ತೆ, ನಿಜ ಹೇಳಿ. ಬ್ಯಾರೇಜ್ ಓಪನ್ ಆಗಿ ಎರಡು ವರ್ಷ ಆಗೋ ಮುಂಚೆ, 2010ರ ಜೂನ್‌ನಲ್ಲಿ, ಆರ್ಚರ್ಡ್ ರೋಡಲ್ಲಿ ಅಂಗಡಿಗಳ ಒಳಗೆ ನೀರು ನುಗ್ಗಿತು, ಬ್ಯಾರೇಜಿಂದ್ಲೇ ಹೀಗಾಯ್ತು ಅಂತ ಜನ ಮಾತಾಡಿದ್ರು. ತಜ್ಞರ ಸಮಿತಿ ನೋಡಿ ಅದು ಕಾರಣ ಅಲ್ಲ ಅಂತ ಹೇಳ್ತು. ಅಲ್ಲಿನ ತೊಂದರೆ ಬೇರೆ, ಕಮ್ಮಿ ಹೊತ್ತಲ್ಲಿ ಬೀಳೋ ಜೋರು ಮಳೆಗೆ ಸ್ಟ್ಯಾಮ್‌ಫರ್ಡ್ ಕೆನಾಲ್ ಸಾಕಾಗ್ತಿರ್ಲಿಲ್ಲ. ಆಮೇಲೆ 2018ರಲ್ಲಿ ಮುಗಿಯೋ ಹಾಗೆ ಅದಕ್ಕೊಂದು ಬೇರೆ ದಾರಿಯ ಕಾಲುವೆ ಮಾಡಿ, ನೆಲದಡಿ 38,000 ಘನ ಮೀಟರ್ ಹಿಡಿಯೋ ಟ್ಯಾಂಕ್ ಕಟ್ಟಿದ್ರು, ಮಳೆ ಜೋರಿದ್ದಾಗ ನೀರು ಅದ್ರಲ್ಲಿ ತುಂಬ್ಕೊಂಡು ಮಳೆ ನಿಂತ್ಮೇಲೆ ನಿಧಾನಕ್ಕೆ ಬಿಡುತ್ತೆ. ಬ್ಯಾರೇಜ್ ಕಾಯೋದು ಉಬ್ಬರದಿಂದ, ತಗ್ಗು ಜಾಗಗಳನ್ನ. ಪ್ರತಿ ಬೀದಿ ಚರಂಡಿನೂ ಅದೇ ನೋಡ್ಕೊಳ್ಳಲ್ಲ.

ಎರಡನೇ ಪ್ರಶ್ನೆ, "ಇಂಥದ್ದು ನಮ್ಮ ಬೆಂಗಳೂರಲ್ಲಿ ಯಾಕೆ ಮಾಡಲ್ಲ?" 2022ರ ಸೆಪ್ಟೆಂಬರಲ್ಲಿ ಔಟರ್ ರಿಂಗ್ ರೋಡ್ ಕಡೆ ಲೇಔಟುಗಳಿಗೆ ಟ್ರ್ಯಾಕ್ಟರಲ್ಲಿ ಹೋಗಿ ಜನರನ್ನ ಕರ್ಕೊಂಡು ಬಂದಿದ್ದು ಎಲ್ರ ಮನಸಲ್ಲೂ ಇದೆ. ಇದಕ್ಕೆ ಸಿಟ್ಟಲ್ಲಿ ಉತ್ತರ ಕೊಡೋಕಿಂತ ವಿಷಯ ಹೇಳೋದು ಒಳ್ಳೇದು. ಬೆಂಗಳೂರು ಸಮುದ್ರದಿಂದ 900 ಮೀಟರ್ ಮೇಲಿದೆ, ಉಬ್ಬರದ ಸಮಸ್ಯೆನೇ ಇಲ್ಲ, ಹಾಗಾಗಿ ಬ್ಯಾರೇಜ್ ಬೇಕಾಗಿಲ್ಲ. ಬೇಕಾಗಿರೋದು ನಮ್ಮ ಹಿಂದಿನವ್ರು ಮಾಡಿಟ್ಟಿದ್ದೇ, ಮೇಲಿನ ಕೆರೆ ಕೋಡಿ ಬಿದ್ದ ನೀರು ರಾಜಕಾಲುವೇಲಿ ಕೆಳಗಿನ ಕೆರೆಗೆ ಹೋಗೋದು. ಒಂದೊಂದು ಕೆರೆನೂ ಮಳೆ ನೀರನ್ನ ಸ್ವಲ್ಪ ಹೊತ್ತು ಹಿಡಿದು ನಿಧಾನಕ್ಕೆ ಬಿಡೋ ಜಾಗ, ಆ ಆರ್ಚರ್ಡ್ ರೋಡ್ ಕಡೆಯ ನೆಲದಡಿ ಟ್ಯಾಂಕ್ ಮಾಡೋ ಕೆಲಸಾನೇ. ಸಿಂಗಪುರದವ್ರು ಜಾಗ ಇಲ್ದೇ ನೆಲ ಅಗೆದು ಮಾಡ್ಕೊಂಡಿದ್ದು ನಮಗೆ ಕೆರೆ ರೂಪದಲ್ಲಿ ಮೊದಲೇ ಇತ್ತು, ಮಧ್ಯದ ಕಾಲುವೆ ಮುಚ್ಚಿ ಮನೆ ಕಟ್ಟಿದ್ರೆ ನೀರು ಮನೆ ಒಳಗಿಂದ್ಲೇ ಹೋಗುತ್ತೆ. ಇಲ್ಲಿಂದ ತಗೊಂಡು ಹೋಗ್ಬೇಕಾಗಿರೋದು ಆ ಹತ್ತು ವರ್ಷದ ನದಿ ತೊಳೆಯೋ ಹಠ, ಚರಂಡೀಲಿ ಮಳೆ ನೀರು ಬಿಟ್ಟು ಬೇರೆ ಏನೂ ಬರಬಾರ್ದು ಅನ್ನೋ ಕಟ್ಟುನಿಟ್ಟು.

ಇನ್ನೊಂದು ಅರ್ಧ ದಿನ ಇದ್ರೆ

ಬಿಷಾನ್ ಆಂಗ್ ಮೋ ಕಿಯೋ ಪಾರ್ಕಿಗೆ ಬೆಳಿಗ್ಗೆ ಹೋಗಿ. ಕಲಾಂಗ್ ನದಿ ಅಲ್ಲಿ ಮೊದಲು ನೇರವಾದ ಕಾಂಕ್ರೀಟ್ ಕಾಲುವೆ ಆಗಿತ್ತು, 2012ಕ್ಕೆ ಅದನ್ನ ಒಡೆದು ಅಂಕುಡೊಂಕಾಗಿ ಹರಿಯೋ ಮೂರು ಕಿಲೋಮೀಟರ್ ಹೊಳೆ ಮಾಡಿದ್ರು, ದಡದಲ್ಲಿ ಹುಲ್ಲು ಗಿಡ ಕಲ್ಲು. ನೀರು ಕಮ್ಮಿ ಇದ್ದಾಗ ಮಕ್ಕಳು ಇಳಿದು ಕಲ್ಲು ದಾಟ್ತಾರೆ, ಮಳೆ ಬಂದಾಗ ಪಾರ್ಕಿನ ತಗ್ಗಿಗೆಲ್ಲಾ ನೀರು ಹರಡಿಕೊಳ್ಳೋಕೆ ಬಿಟ್ಟಿದಾರೆ, ಹಾಗಾಗಿ ಅದೂ ಆಟದ ಜಾಗಾನೇ ಪ್ರವಾಹದ ಜಾಗಾನೇ. ಬ್ಯಾರೇಜ್‌ಗೆ ಬರೋ ನೀರಿನ ಮೇಲ್ಭಾಗ ಇದು, ಎರಡೂ ನೋಡಿದ್ರೆ ಒಂದೇ ಹೊಳೆಯ ತಲೆ ಕಾಲು ಎರಡೂ ನೋಡಿದಂಗೆ. ನೀರಿನ ಹತ್ರ ಕೂತಾಗ ಒಂದು ಮಾತ್ರ ನೆನಪಿರಲಿ, ಅಲ್ಲಿ ಎಚ್ಚರಿಕೆ ದೀಪ, ಸೈರನ್ ಇದೆ, ನಿಮ್ಮ ತಲೆ ಮೇಲೆ ಬಿಸಿಲಿದ್ರೂ ಮೇಲ್ಗಡೆ ಮಳೆ ಆಗಿದ್ರೆ ನೀರು ಬೇಗ ಏರುತ್ತೆ, ಸೈರನ್ ಕೇಳಿದ ತಕ್ಷಣ ಚಪ್ಪಲಿ ಚಾಪೆ ಅಂತ ಹುಡುಕ್ತಾ ನಿಲ್ದೇ ಮೊದಲು ಮಕ್ಕಳು ಹಿರಿಯರನ್ನ ಕೈ ಹಿಡಿದು ಮೇಲಕ್ಕೆ ಹತ್ತಿಸಿ.